ಏಳು ಆರ್ಚಿಬಾಲ್ಡರು



ಸ್ಕಾಟ್‌ಲೆಂಡಿನ ಚರಿತ್ರೆಯಲ್ಲಿ ಆರ್ಗೈಲ್ ಎಂಬಾತನ ತಲೆ 1661ರಲ್ಲಿ ಹೋಯಿತು, 1685ರಲ್ಲಿ ಮತ್ತೆ ಹೋಯಿತು, ಅವನಿಗೆ ಒಟ್ಟು ಎಷ್ಟು ತಲೆ ಎಂದು ಕೇಳಿದ್ದೀರಿ. ನಗು ಬಂತು, ಆದರೆ ನಿಮ್ಮ ಗೊಂದಲ ನ್ಯಾಯವಾದದ್ದೇ. ಅವರು ಅಪ್ಪ ಮಗ. ಇಬ್ಬರ ಹೆಸರೂ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್, ಇಬ್ಬರೂ ಆರ್ಗೈಲ್ ಸೀಮೆಯ ಅರ್ಲ್‌ಗಳು. ಕೊರಳು ಕತ್ತರಿಸಿದ ಯಂತ್ರವೂ ಒಂದೇ.

ಈ ಮನೆತನದ ಮೊದಲ ಹತ್ತು ಅರ್ಲ್‌ಗಳಲ್ಲಿ ಮೂವರು ಕಾಲಿನ್‌ಗಳು, ಉಳಿದ ಏಳೂ ಜನ ಆರ್ಚಿಬಾಲ್ಡರು! ಎರಡನೆಯ ಅರ್ಲ್ 1513ರಲ್ಲಿ ಫ್ಲಾಡನ್ ಕಾಳಗದಲ್ಲಿ ತನ್ನ ದೊರೆ ನಾಲ್ಕನೆಯ ಜೇಮ್ಸ್ ಜೊತೆಗೇ ಸತ್ತ. ಐದನೆಯವನು 1568ರಲ್ಲಿ ಲ್ಯಾಂಗ್‌ಸೈಡ್‌ನಲ್ಲಿ ಮೇರಿ ರಾಣಿಯ ಸೇನೆ ನಡೆಸಿ ಸೋತ. ಹೆಸರು ಒಂದಾದ ಮಾತ್ರಕ್ಕೆ ಬುದ್ಧಿಯೂ ಒಂದೇ ಅಂದುಕೊಳ್ಳಬೇಡಿ. ಏಳನೆಯವನು ಕ್ಯಾಥೊಲಿಕನಾಗಿ, ಊರು ಬಿಟ್ಟು, ಸ್ಪೇನ್ ದೊರೆಯ ಸೇವೆಗೆ ಸೇರಿದ. ಅವನ ಮಗ ಎಂಟನೆಯವನೋ, ಪ್ರಾಟೆಸ್ಟೆಂಟರ ಮುಂದಾಳಾಗಿ ಸ್ವಂತ ರಾಜನಿಗೇ ಎದುರು ನಿಂತ. ಅಪ್ಪನ ಮೇಲಿನ ಹಟವೂ ಸ್ವಲ್ಪ ಇದ್ದಿರಬೇಕು ಎಂಬುದು ನನ್ನ ಗುಮಾನಿ.

ನಿಮ್ಮ 1661ರ ಮನುಷ್ಯ ಇವನೇ. ಮೆಳ್ಳೆಗಣ್ಣಿನವನು, ಕತ್ತಿಗಿಂತ ತಂತ್ರವನ್ನು ನಂಬಿದವನು. 1651ರ ಜನವರಿ 1ರಂದು ಸ್ಕೂನ್‌ನಲ್ಲಿ ಎರಡನೆಯ ಚಾರ್ಲ್ಸ್‌ನ ತಲೆಗೆ ಕಿರೀಟ ತೊಡಿಸಿದ್ದು ಇವನ ಕೈ. ಹತ್ತು ವರ್ಷ ಕಳೆದ ಮೇಲೆ ಅದೇ ಚಾರ್ಲ್ಸ್ ಇವನನ್ನು ರಾಜದ್ರೋಹದ ವಿಚಾರಣೆಗೆ ಒಡ್ಡಿದ. ಇನ್ನೇನು ಬಚಾವಾದ ಎನ್ನುವಷ್ಟರಲ್ಲಿ ಲಂಡನ್‌ನಿಂದ ಒಂದು ಕಟ್ಟು ಕಾಗದ ಬಂತು. ಕ್ರಾಮ್‌ವೆಲ್ ಆಳ್ವಿಕೆಯ ಕಾಲದಲ್ಲಿ ಅವನ ಸೇನಾನಿಯಾಗಿದ್ದ ಜನರಲ್ ಮಾಂಕ್‌ಗೆ ಇವನೇ ಬರೆದ ಪತ್ರಗಳು! ಅಷ್ಟು ಹೊತ್ತಿಗೆ ಮಾಂಕ್ ರಾಜನ ಕಡೆಯವನಾಗಿದ್ದ. ಮೇ 27ಕ್ಕೆ ಕಥೆ ಮುಗಿಯಿತು. ತಲೆಯನ್ನು ಎಡಿನ್‌ಬರೊದ ಸೆರೆಮನೆಯ ಮೇಲೆ ಒಂದು ಮೊಳೆಗೆ ಸಿಕ್ಕಿಸಿದರು. ಕೆಲವೇ ತಿಂಗಳ ಹಿಂದಿನವರೆಗೆ ಆ ಮೊಳೆಯ ಮೇಲೆ ಇದ್ದದ್ದು ಇವನ ಕಡುವೈರಿ ಮಾಂಟ್ರೋಸ್‌ನ ತಲೆ.

ಅಪ್ಪ ಮಗ ಇಬ್ಬರ ಕೊರಳನ್ನೂ ಕತ್ತರಿಸಿದ ಯಂತ್ರದ ಹೆಸರು ‘ಮೇಡನ್’. ಎರಡು ಓಕ್ ಕಂಬಗಳ ನಡುವೆ, ಸೀಸದ ಭಾರ ಹೊತ್ತ ಅಲಗು. ಹಗ್ಗ ಬಿಟ್ಟರೆ ಜರ್ರನೆ ಕೆಳಕ್ಕೆ. 1564ರಲ್ಲಿ ಮಾಡಿಸಿದ್ದು, ಫ್ರಾನ್ಸಿನ ಗಿಲೊಟಿನ್‌ಗಿಂತ ಇನ್ನೂರು ವರ್ಷಕ್ಕೂ ಹೆಚ್ಚು ಹಳೆಯದು. ಎಡಿನ್‌ಬರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಈಗಲೂ ನಿಂತಿದೆ.

ಒಂಬತ್ತನೆಯ ಅರ್ಲ್ ಆದ ಮಗ ಆರ್ಚಿಬಾಲ್ಡನ ಮೇಲೆ ನನಗೆ ತುಸು ಪಕ್ಷಪಾತವಿದೆ. ಅರ್ಲ್‌ಗಿಂತ ದೊಡ್ಡದಾದ, ಅಪ್ಪನ ಮಾರ್ಕ್ವಿಸ್ ಪದವಿ ಮುಳುಗಿಯೇ ಹೋಯಿತು. ಅರ್ಲ್ ಪದವಿ ಮಾತ್ರ 1663ರಲ್ಲಿ ಇವನ ಕೈಗೆ ಬಂತು. 1681ರಲ್ಲಿ ಸರ್ಕಾರ ಎಲ್ಲ ಅಧಿಕಾರಸ್ಥರಿಂದ ಒಂದು ಪ್ರಮಾಣವಚನ ಕೇಳಿತು. ಅದರ ಒಂದು ಮಾತಿಗೆ ಇನ್ನೊಂದು ಮಾತು ತಾಳೆಯಾಗುತ್ತಿರಲಿಲ್ಲ. ತಾಳೆಯಾಗುವಷ್ಟರ ಮಟ್ಟಿಗೆ ಒಪ್ಪುತ್ತೇನೆ ಎಂದ ಇವನು. ಅಷ್ಟಕ್ಕೇ ಮರಣದಂಡನೆ! ಡಿಸೆಂಬರ್‌ನಲ್ಲಿ ಮಲಮಗಳು ಸೋಫಿಯಾ ಲಿಂಡ್ಸೆ ಎಡಿನ್‌ಬರೊ ಕೋಟೆಯ ಸೆರೆಗೆ ನೋಡಲು ಬಂದಳು. ಹೊರಡುವಾಗ ಅವಳ ಉಡುಪಿನ ಸೆರಗು ಹಿಡಿದು ಹಿಂದೆ ನಡೆದ ಆಳು ಬೇರೆ ಯಾರೂ ಅಲ್ಲ, ಅರ್ಲ್ ಸಾಹೇಬನೇ. ಕಾವಲಿನವನೊಬ್ಬ ತೋಳು ಹಿಡಿದ. ಗಾಬರಿಯಲ್ಲಿ ಇವನ ಕೈಯಿಂದ ಸೆರಗು ಜಾರಿ ಕೆಸರಿಗೆ ಬಿತ್ತು. ಸೋಫಿಯಾ ತಿರುಗಿದವಳೇ ಆ ಕೆಸರು ಸೆರಗಿನಿಂದ ಮುಖಕ್ಕೆ ಬಾರಿಸಿ, ದಡ್ಡ ಆಳೆಂದು ಬೈದಳಂತೆ. ಕಾವಲಿನವರು ನಕ್ಕು ಬಿಟ್ಟುಕೊಟ್ಟರು. ಮುಖಕ್ಕೆ ಕೆಸರು ಮೆತ್ತಿದ್ದರಿಂದ ಗುರುತೂ ಸಿಗಲಿಲ್ಲ ಎನ್ನುತ್ತಾರೆ.

ಹಾಲೆಂಡಿಗೆ ಓಡಿದವನು ಅಲ್ಲೇ ಇರಬಹುದಿತ್ತು. 1685ರಲ್ಲಿ ರಾಜ ಏಳನೆಯ ಜೇಮ್ಸ್ ವಿರುದ್ಧ ದಂಗೆ ಎಬ್ಬಿಸಲು ಬಂದ. ಸೇರಿದ್ದು ಅಲ್ಪ ಸೇನೆ, ಅದೂ ಚದುರಿತು. ಸಿಕ್ಕಿಬಿದ್ದವನಿಗೆ ಹೊಸ ವಿಚಾರಣೆ ನಡೆಸುವ ಗೋಜಿಗೂ ಹೋಗದೆ 1681ರ ತೀರ್ಪನ್ನೇ ಜಾರಿ ಮಾಡಿದರು, ಜೂನ್ 30ರಂದು.

ಇಷ್ಟೆಲ್ಲ ಆದರೂ ಮನೆತನ ಹೆಸರು ಬದಲಿಸಲಿಲ್ಲ ನೋಡಿ. ಎರಡು ತಲೆಮಾರು ದ್ರೋಹಿಯ ಪಟ್ಟ ಹೊತ್ತಿದ್ದ ಹೆಸರಿನಲ್ಲೇ ಹತ್ತನೆಯವನು ಮುಟ್ಟುಗೋಲಾಗಿದ್ದ ಆಸ್ತಿ ಬಿಡಿಸಿಕೊಂಡು, 1701ರಲ್ಲಿ ಡ್ಯೂಕ್ ಆದ. ಅದನ್ನು ಬರೀ ಅಭಿಮಾನ ಎನ್ನಲಾರೆ. ಭೂಮಿ ನಮ್ಮದು, ಮೊದಲಿನಿಂದ ನಮ್ಮದೇ ಎಂದು ಕೂಗಿ ಹೇಳುವ ದಾವೆ ಅದು.

ಹತ್ತನೆಯವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಜಾನ್, ಸದ್ಯ ಬೇರೆ ಹೆಸರು. ಅವನಿಗೆ ಗಂಡು ಸಂತಾನವಿಲ್ಲದೆ ಪಟ್ಟ ತಮ್ಮನಿಗೆ ಬಂತು. ತಮ್ಮನ ಹೆಸರು ನಾನು ಹೇಳಬೇಕಿಲ್ಲ. 1727ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್‌ನ ಮೊದಲ ಗವರ್ನರ್ ಆದವನೂ, ಮುಂದೆ ಆ ಬ್ಯಾಂಕಿನ ನೋಟುಗಳ ಮೇಲೆ ವಿಗ್ಗು ತೊಟ್ಟು ಕಾಣಿಸಿಕೊಂಡವನೂ ಅವನೇ.

ಇಂತಿ ನಿಮ್ಮ ಗೆಳೆಯ