ಪದ ದಾಸರದು, ಹಕ್ಕು ಯಾರದು?

'ಭಾಗ್ಯದ ಲಕ್ಷ್ಮೀ ಬಾರಮ್ಮ' ಪುರಂದರದಾಸರ ರಚನೆ. ಆ ಸಾಹಿತ್ಯಕ್ಕೆ ಇವತ್ತು ಒಡೆಯರಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ 1922ರಲ್ಲಿ ನಮ್ಮ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅದನ್ನು ಹಾಡಿದ ಧ್ವನಿಮುದ್ರಣ ಬೇರೆಯೇ ಆಸ್ತಿ. ಮೊಬೈಲಿನಲ್ಲಿ ಕೇಳಿದರೂ ಟಿವಿಯಲ್ಲಿ ಬಳಸಿದರೂ ಹಕ್ಕುದಾರರಿಗೆ ದುಡ್ಡು ಸೇರಬೇಕು. ಆ ಹಕ್ಕಿನ ಆಯುಷ್ಯ, ಬಿಡುಗಡೆಯ ಮರುವರ್ಷದಿಂದ 60 ವರ್ಷ. 1942ರಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿ ತಂದ ಅವರ ಮೊದಲ ರೆಕಾರ್ಡಿನದು 2002ಕ್ಕೇ ಮುಗಿಯಿತು.

ಹಾಡುಗಳ ಮೇಲೆ ದುಡ್ಡು ಹಾಕುವ ಹೂಡಿಕೆದಾರರು ಕೊಳ್ಳುವುದು ಹಕ್ಕಿನಿಂದ ಬರುವ ಈ ಆದಾಯವನ್ನೇ. ವರ್ಷಕ್ಕೆ 1 ಲಕ್ಷ ತರುವ ಹಾಡುಗಳಿಗೆ 10 ಲಕ್ಷ ಕೊಟ್ಟರು ಅಂತಿಟ್ಟುಕೊಳ್ಳಿ. ಗಳಿಕೆ ಹಾಗೇ ಉಳಿದರೆ ಹತ್ತು ವರ್ಷಕ್ಕೆ ಅಸಲು ವಾಪಸ್, ಮುಂದಿನದು ಲಾಭ. ಹೊಸ ಹಾಡಿನ ಗಳಿಕೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಶುಕ್ರವಾರ ಬಂತೆಂದರೆ ಮನೆಮನೆಯಲ್ಲಿ ಕೇಳುವಂಥದ್ದು ತಾಳುತ್ತದೆ. ಹಳೆಯ ಹಾಡಿಗೆ ಬೆಲೆ ಅದಕ್ಕೇ. ಅಂದಿನ ಎಚ್‌ಎಂವಿಯೇ ಇಂದಿನ ಸರಿಗಮ. ಅದರ ಷೇರು ಕೊಂಡವರೂ ಪರೋಕ್ಷವಾಗಿ ಇದೇ ವ್ಯವಹಾರದ ಪಾಲುದಾರರು.

ನನ್ನ ಕಳವಳ ಕೊಳ್ಳುವವರದ್ದಲ್ಲ, ಕೊಡುವವರದ್ದು. ರೋಣ, ನರಗುಂದ, ಗಜೇಂದ್ರಗಡದ ಕಡೆ ಸ್ವಂತ ಪದ ಕಟ್ಟಿ, ರಾಗ ಹಾಕುವ ಗೆಳೆಯರೇ, ಒಂದೇ ಸಲದ ದುಡ್ಡಿಗೆ ಎಲ್ಲವನ್ನೂ ಬರೆದುಕೊಡಬೇಡಿ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ ಸಾಹಿತಿ, ಸಂಗೀತಗಾರರ ರಾಯಲ್ಟಿ ಪಾಲನ್ನು ಕಂಪನಿ ಬರೆಸಿಕೊಂಡರೂ ಆ ಕರಾರು ನಿಲ್ಲದು. ಆ ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ, ಕಾಗದ ಪೂರ್ತಿ ಓದಿಸಿಕೊಂಡೇ ಸಹಿ ಹಾಕಿ.