ಗಿರಗಾಂವದ ಚಾಳುಗಳು

ಮುಂಬಯಿಯ ಚರ್ನಿರೋಡ್ ನಿಲ್ದಾಣದಲ್ಲಿ ಇಳಿದು, ಕಡಲಿಗೆ ಬೆನ್ನು ಮಾಡಿ ಸ್ವಲ್ಪ ದೂರ ನಡೆದರೆ ಗಿರಗಾಂವದ ಗಲ್ಲಿಗಳು ಎದುರಾಗುತ್ತವೆ. ಚಾಳುಗಳನ್ನು ನೋಡಬೇಕೆನ್ನುವವರು ಬರಬೇಕಾದುದು ಇಲ್ಲಿಗೇ. ಬೆಂಗಳೂರು, ಮೈಸೂರುಗಳ ವಠಾರವನ್ನು ಎತ್ತಿ ಮೂರು ನಾಲ್ಕು ಅಂತಸ್ತುಗಳಾಗಿ ಪೇರಿಸಿದರೆ ಚಾಳಾಗುತ್ತದೆ. ಮರದ ಕಟಕಟೆಯ ಉದ್ದನೆಯ ಜಗಲಿ, ಅದರ ಮೇಲೆ ಒಣಗುವ ಸೀರೆಗಳು, ಸಾಲಾಗಿ ಒಂದೊಂದು ಸಂಸಾರಕ್ಕೆ ಒಂದೋ ಎರಡೋ ಖೋಲಿ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಶೌಚಾಲಯ. 1893ರಲ್ಲಿ ಸಾರ್ವಜನಿಕ ಗಣೇಶೋತ್ಸವವನ್ನು ಆಚರಿಸಿದ ಕೇಶವಜಿ ನಾಯಕ ಚಾಳು ಇರುವುದೂ ಇಲ್ಲಿಯೇ. ಇಂದಿಗೂ ಅಂಗಳದಲ್ಲಿ ನಿಂತು ಯಾರನ್ನಾದರೂ ಕೂಗಿದರೆ ಹತ್ತು ಬಾಗಿಲುಗಳು ತೆರೆದುಕೊಳ್ಳುತ್ತವೆ.

ಅಂಥದೊಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ, ಉಡುಪಿಯ ಕಡೆಯಿಂದ ಹೋಟೆಲಿನ ಕೆಲಸಕ್ಕೆಂದು ಬಂದು ನೆಲೆಸಿದ ಮನೆತನದ ಹಿರಿಯರೊಬ್ಬರಿದ್ದಾರೆ. ಅವರು ತೆರುವ ತಿಂಗಳ ಬಾಡಿಗೆಯಲ್ಲಿ ಇಂದು ಇಬ್ಬರು ಹೋಟೆಲಿನಲ್ಲಿ ಉಂಡು ಏಳುವುದು ಕಷ್ಟ. "ಮಾಷ್ಟ್ರೇ, ತಂದೆಯವರ ಹೆಸರಿನ ರಸೀದಿ ಈಗ ನನ್ನ ಹೆಸರಿನಲ್ಲಿ ಉಂಟು. ಮಾಲಿಕನಿಗೆ ನಮ್ಮನ್ನು ಏಳಿಸಲಿಕ್ಕೆ ಆಗುವುದಿಲ್ಲ. ಕಟ್ಟಡಕ್ಕೆ ಮಾತ್ರ ಆದೀತು" ಎಂದು ಅವರು ನಕ್ಕರು. ತಲೆಯ ಮೇಲಿನ ತೊಲೆಗೆ ಕೊಟ್ಟಿದ್ದ ಆಸರೆಯ ಕಂಬ ಆಗ ನನ್ನ ಕಣ್ಣಿಗೆ ಬಿತ್ತು.

ಈ ಮಾತಿನ ಹಿಂದೆ ಒಂದು ಕಾಯಿದೆಯ ಕಥೆಯಿದೆ. ಯುದ್ಧದ ಕಾಲದಲ್ಲಿ ಜನ ತುಂಬಿ, ಮನೆಗಳು ಸಾಲದೆ, ಬಾಡಿಗೆ ಮಿತಿಮೀರತೊಡಗಿತು. ಆಗಿನ ಕಟ್ಟುಗಳ ಬೆನ್ನಲ್ಲೇ ಬಂದ 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನಲ್ಲಿದ್ದ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆ ಬಾಕಿ, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು, ನೆರೆಯವರಿಗೆ ಉಪದ್ರವ, ಒಡೆಯನಿಗೇ ಮನೆಯ ನಿಜವಾದ ಅಗತ್ಯ, ಹೀಗೆ ಎಣಿಸಿ ಹೇಳಿದ ಕಾರಣಗಳಿಲ್ಲದೆ ಯಾರನ್ನೂ ಬಿಡಿಸುವಂತಿರಲಿಲ್ಲ. ಒಡೆಯನ ಅಗತ್ಯ ನಿಜವೆಂದು ಕಂಡರೂ, ಇಬ್ಬರಲ್ಲಿ ಯಾರ ಕಷ್ಟ ಹೆಚ್ಚಿನದೆಂಬುದನ್ನು ನ್ಯಾಯಾಲಯವು ತೂಗಿ ನೋಡಬೇಕಾಗಿತ್ತು. ಬಡವನ ನೆತ್ತಿಯ ಮೇಲೆ ಸೂರು ಉಳಿಸಿದ ಈ ಕಾಯಿದೆಯನ್ನು ಹಗುರವಾಗಿ ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಆ ಕಟ್ಟು ಅರ್ಧ ಶತಮಾನ ಹಾಗೆಯೇ ಉಳಿದದ್ದು ಅನರ್ಥಕ್ಕೆ ಕಾರಣವಾಯಿತು.

ಬಾಡಿಗೆ ಏರದಿದ್ದರೂ ಹಣ ತನ್ನ ದಾರಿಯನ್ನು ಹುಡುಕಿಕೊಂಡಿತು. ಅದೇ 'ಪಗಡಿ'. ಪೇಟವೆಂಬ ಅರ್ಥದ ಈ ಮರ್ಯಾದೆಯ ಮಾತಿಗೆ ಇಲ್ಲಿ ಗುಟ್ಟಾಗಿ ಕೈಬದಲಾಯಿಸುವ ಗಂಟು ಎಂದು ಅರ್ಥ! ಖೋಲಿ ಬಿಡುವವನು ಬರುವವನಿಂದ ದೊಡ್ಡ ಮೊತ್ತ ಪಡೆದು, ಅದರಲ್ಲಿ ಒಡೆಯನಿಗೂ ಪಾಲು ಕೊಡುತ್ತಿದ್ದನು. ಬಹುಕಾಲ ಅಪರಾಧವಾಗಿದ್ದ ಈ ವ್ಯವಹಾರವನ್ನು ಮಹಾರಾಷ್ಟ್ರದ 1999ರ ಬಾಡಿಗೆ ಕಾಯಿದೆ ಸಕ್ರಮಗೊಳಿಸಿತು. ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಲೂ ಒಪ್ಪಿತು. ಅದಕ್ಕೆ ಮುನ್ನ, 1997ರ ಡಿಸೆಂಬರಿನಲ್ಲಿ, ಸ್ತಂಭಿಸಿದ ಬಾಡಿಗೆ ನ್ಯಾಯಸಮ್ಮತವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಆ ಮೊಕದ್ದಮೆಯ ಹೆಸರು 'ಮಲ್ಪೆ ವಿಶ್ವನಾಥ ಆಚಾರ್ಯ'. ಅರಬ್ಬೀ ಸಮುದ್ರದ ನಮ್ಮ ದಂಡೆಯ ಊರಿನ ಹೆಸರು ಮುಂಬಯಿಯ ಮನೆಗಳ ಚರಿತ್ರೆಯಲ್ಲಿ ಹೀಗೆ ಸೇರಿಕೊಂಡಿತು.

ನೂರಕ್ಕೆ ನಾಲ್ಕಾದರೂ ಏತರ ಮೇಲೆ? ಅಲ್ಪದ ಮೇಲೆ ಏರಿದ್ದೂ ಅಲ್ಪವೇ. ಒಡೆಯನು ಸುಣ್ಣ ಬಳಿಸಲಾರ, ಬಾಡಿಗೆದಾರನು ತನ್ನದಲ್ಲದ ಗೋಡೆಗೆ ಹಣ ಸುರಿಯಲಾರ. ಕರ ಎತ್ತಿ ದುರಸ್ತಿ ಮಾಡಿಸಲು 1969ರ ಕಾಯಿದೆಯಿಂದ ಒಂದು ಮಂಡಲಿಯೇ ಹುಟ್ಟಿತು. ಆದರೂ ಕಟ್ಟಡಗಳು ಬೀಳುತ್ತಲೇ ಇವೆ. ಭೇಂಡಿ ಬಜಾರದ ಹುಸೈನಿ ಕಟ್ಟಡವು 2017ರ ಆಗಸ್ಟ್ 31ರ ಬೆಳಿಗ್ಗೆ ಕುಸಿದು 33 ಮಂದಿ ಸತ್ತರು. ಮಳೆಗಾಲಕ್ಕೆ ಮುನ್ನ ಅಪಾಯಕರ ಕಟ್ಟಡಗಳ ಪಟ್ಟಿ ಪ್ರಕಟವಾಗುತ್ತದೆ, ತೆರವು ಮಾಡಿರೆಂದು ಅಧಿಕಾರಿಗಳು ಬರುತ್ತಾರೆ, ಜನ ಕದಲುವುದಿಲ್ಲ. ತಾತ್ಕಾಲಿಕ ಶಿಬಿರಕ್ಕೆ ಹೋದವರು ಹತ್ತಾರು ವರ್ಷ ಅಲ್ಲಿಯೇ ಕಳೆದುದನ್ನು ಅವರು ಬಲ್ಲರು.

ಇತ್ತ, ಒಮ್ಮೆ ಬಂದ ಬಾಡಿಗೆದಾರ ಏಳಲಾರನೆಂಬ ಭಯದಿಂದ ಮನೆಗೆ ಬೀಗ ಜಡಿದು ಕುಳಿತವರೂ ಉಂಟು. ಭಾರತದ ನಗರಗಳಲ್ಲಿ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿಯಿದ್ದುವೆಂದು 2011ರ ಜನಗಣತಿ ಲೆಕ್ಕವಿತ್ತಿತು. ಅವೆಲ್ಲಕ್ಕೂ ಈ ಭಯವೊಂದೇ ಕಾರಣವಲ್ಲ. ಆದರೆ ಇದೂ ಒಂದು ಕಾರಣ.

ಹೊಸದಾಗಿ ಊರಿಗೆ ಬರುವವನಿಗೆ ದೊರೆಯುವುದು ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು. ಕಾಗದದಲ್ಲಿ ಅವನು ಬಾಡಿಗೆದಾರನೇ ಅಲ್ಲ, ಬರಿಯ ಪರವಾನಗಿದಾರ. ಅವಧಿ ಮುಗಿದರೆ ಬಿಡಿಸಲು ಬೇರೆ ಕಾರಣ ಹೇಳಬೇಕಾಗಿಲ್ಲ. ಬಿಡದೆ ಉಳಿದರೆ ಇಮ್ಮಡಿ ತೆರಬೇಕು. ಎರಡನೆಯ ಮಾಳಿಗೆಯ ಆ ಹಿರಿಯರ ಮಗನೂ ಡೊಂಬಿವಲಿಯಲ್ಲಿ ಇಂಥ ಕರಾರಿನ ಮನೆಯಲ್ಲಿಯೇ ಇದ್ದಾನೆ. ಮೂರು ವರ್ಷಗಳಲ್ಲಿ ಇದು ಮೂರನೆಯ ಮನೆಯಂತೆ. ಅವನ ಪಾತ್ರೆಪಗಡಿಗಳ ಎರಡು ಪೆಟ್ಟಿಗೆಗಳು ಗಿರಗಾಂವದ ಖೋಲಿಯ ಅಟ್ಟದ ಮೇಲೆಯೇ ಉಳಿದಿವೆ.