ವೊಸ್ ಊರಿನ ಹೆಪ್ಪು

ನಾರ್ವೆ ದೇಶದ ಬೆರ್ಗನ್ ಪಟ್ಟಣದಿಂದ ಹೊರಟ ರೈಲು ಸುಮಾರು 86 ಕಿಲೋಮೀಟರು ಸಾಗಿ ವೊಸ್ ಎಂಬ ಊರನ್ನು ಮುಟ್ಟುತ್ತದೆ. ಈ ಹಾದಿಯು 1883ರಲ್ಲಿ ತೆರೆಯಿತು. 1909ರಲ್ಲಿ ರಾಜಧಾನಿಯವರೆಗೂ ಬೆಳೆಯಿತು. ಒಂದು ಮಗ್ಗುಲಲ್ಲಿ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು, ಇನ್ನೊಂದು ಮಗ್ಗುಲಲ್ಲಿ ಕಡಿದಾದ ಬಂಡೆ, ನಡುನಡುವೆ ಸುರಂಗಗಳ ಕತ್ತಲೆ. ಇವೆಲ್ಲವನ್ನೂ ದಾಟಿ ನಾವು ಇಳಿದಾಗ, ಸರೋವರದ ದಡದಲ್ಲಿ 13ನೆಯ ಶತಮಾನದ ಕಲ್ಲಿನ ಇಗರ್ಜಿಯೊಂದು ಮೊದಲ ಹಿಮವನ್ನು ಹೊದ್ದು ನಿಂತಿತ್ತು. ಕ್ರಿಸ್‌ಮಸ್ ಹಬ್ಬಕ್ಕೆ ಇನ್ನು ಕೆಲವೇ ವಾರಗಳಿದ್ದವು.

ನಾವು ಬಿಯರ್ ಕುಡಿಯುವವರಲ್ಲ. ಅದನ್ನು ಹೊಗಳಲು ಈ ಲೇಖನವನ್ನು ಬರೆಯುತ್ತಲೂ ಇಲ್ಲ. ಆದರೆ ಈ ಸೀಮೆಯ ಒಕ್ಕಲುಮನೆಗಳಲ್ಲಿ ಅದು ಅಂಗಡಿಯ ಸರಕಲ್ಲ, ಹಬ್ಬದ ಅಡಿಗೆ. ಗುಲಾತಿಂಗ್ ಎಂಬ ಹಳೆಯ ಕಾಲದ ನ್ಯಾಯಸಭೆಯ ಕಟ್ಟಳೆಯಂತೆ, ಹಬ್ಬಕ್ಕೆ ಬಿಯರ್ ಕಾಸದ ಒಕ್ಕಲಿಗನು ದಂಡ ತೆರಬೇಕಾಗಿತ್ತು. ಇಂದು ದಂಡದ ಭಯವಿಲ್ಲ. ಮನೆಯ ಮರ್ಯಾದೆಯ ಭಯ ಮಾತ್ರ ಉಳಿದಿದೆ.

ನಾವು ಇಳಿದುಕೊಂಡಿದ್ದ ಮನೆಯ ಯಜಮಾನನು ಮುಂಜಾನೆಯೇ ಕೆಲಸ ಹೂಡಿದನು. ಜೂನಿಪರ್ ಎಂಬ ಗಿಡದ ಹಸಿರು ಕೊಂಬೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ಕಷಾಯವನ್ನು ಮೊಳಕೆ ಬರಿಸಿ ಒಣಗಿಸಿ ನುಚ್ಚುಮಾಡಿದ ಬಾರ್ಲಿಗೆ ಹೊಯ್ದನು. ಬಾನೆಯ ತಳದಲ್ಲಿ ಹಾಸಿದ್ದ ಕೊಂಬೆಗಳೇ ಜರಡಿ. ನಡುವೆ ರಸ ಇಳಿಯದೆ ಕಟ್ಟಿಕೊಂಡಿತು. ಅವನು ಗಾಬರಿಯಾಗದೆ, ಮೇಲಿನ ಹಿಟ್ಟನ್ನು ಮೆಲ್ಲನೆ ಕೆದಕಿ, ಒಂದಿಷ್ಟು ಬಿಸಿನೀರು ಎರೆದು ಕಾದನು. ರಸ ಮತ್ತೆ ಹರಿಯಿತು. ನಮಗೂ ಒಂದು ಲೋಟ ಕೊಟ್ಟರು. ಹುದುಗದ ಆ ರಸವು ಬೆಲ್ಲದ ಪಾನಕದಷ್ಟು ಸಿಹಿಯಾಗಿತ್ತು. ಬಳಿಕ ಅದನ್ನು ದೊಡ್ಡ ಕಡಾಯಿಯಲ್ಲಿ ಗಂಟೆಗಟ್ಟಲೆ ಕುದಿಸಿದರು.

ಈ ಸಿಹಿರಸವನ್ನು ಬಿಯರ್ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ವೊಸ್ಸಿನವರು ತಮ್ಮ ಯೀಸ್ಟಿಗೆ ‘ಕ್ವೈಕ್’ ಎನ್ನುತ್ತಾರೆ. ನಮ್ಮ ಮನೆಗಳ ಮೊಸರಿನ ಹೆಪ್ಪಿನಂತೆ ಇದೂ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಹಿಂದೆ ತೂತು ಕೊರೆದ ಮರದ ತುಂಡುಗಳಿಗೂ ಮರದ ಬಳೆಗಳಿಗೂ ಅಂಟಿಸಿ ಒಣಗಿಸಿ ಇಡುತ್ತಿದ್ದರು. ಈಗ ಶೀತಪೆಟ್ಟಿಗೆ ಬಂದಿದೆ. ಬೇರೆ ಯೀಸ್ಟುಗಳು ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನ ತಂಪನ್ನು ಬಯಸಿದರೆ, ಇದು 40 ಡಿಗ್ರಿಯ ಹತ್ತಿರದಲ್ಲಿಯೂ ಸುಖವಾಗಿ ಕೆಲಸಮಾಡುತ್ತದೆ. ಆಗತಾನೆ ಕರೆದ ಹಾಲಿನ ಬಿಸಿಯೆಂಬುದೇ ಹಿರಿಯರ ಲೆಕ್ಕ.

ತಪ್ಪು ನಡೆದದ್ದು ಇಲ್ಲಿಯೇ. ತಣ್ಣೀರು ಹರಿಯುವ ಕೊಳವೆಯನ್ನು ರಸದಲ್ಲಿ ಮುಳುಗಿಸಿ ಆರಿಸುತ್ತಿದ್ದರು. ಯಜಮಾನನು ಆ ಕೊಳವೆಯ ಪಕ್ಕದಲ್ಲಿಯೇ ಉಷ್ಣಮಾಪಕವನ್ನು ಅದ್ದಿದನು. ಅದು 39 ಎಂದು ತೋರಿಸಿತು. ಕಲಕದೆಯೇ, ಸೀಸೆಯಲ್ಲಿದ್ದ ಕ್ವೈಕನ್ನೆಲ್ಲ ಸುರಿದನು. ಮುಂಜಾನೆ ನೋಡಿದರೆ ನೊರೆಯಿಲ್ಲ, ಸದ್ದಿಲ್ಲ. ಚೆನ್ನಾಗಿ ಕಲಕಿ ಅಳೆಯಲು ಆಗಲೂ 48 ಡಿಗ್ರಿ ಇತ್ತು, ರಾತ್ರಿ ಎಷ್ಟಿದ್ದಿತೋ! ಯೀಸ್ಟ್ ಬೆಂದುಹೋಗಿತ್ತು.

ಅವನು ಬೆಂಚಿನ ಮೇಲೆ ಕುಳಿತುಬಿಟ್ಟನು. ರಸ ಹೋದರೆ ಬಾರ್ಲಿ ಕೊಳ್ಳಬಹುದು. ಆ ಹೆಪ್ಪು ಗತಿಸಿದ ತಾಯಿಯಿಂದ ಬಂದದ್ದು, ಮನೆಯಲ್ಲಿ ಬೇರೆ ಚೂರೂ ಇರಲಿಲ್ಲ.

ಹೆಂಡತಿಯು ಕಿಟಕಿಯ ಕಡೆ ನೋಡಿ, “ಅತ್ತೆಯವರು ಮೇಲಿನ ಮನೆಗೆ ಕೊಟ್ಟಿದ್ದರಲ್ಲವೆ?” ಎಂದಳು. ಮೇಲಿನ ಮನೆಯೊಡನೆ ಒಂದು ಕಾಲುದಾರಿಯ ವ್ಯಾಜ್ಯದಿಂದ ನಾಲ್ಕು ವರ್ಷಗಳಿಂದ ಮಾತು ನಿಂತಿತ್ತು. ಯಜಮಾನನು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಟೋಪಿಯನ್ನು ತೆಗೆದುಕೊಂಡು ಅದೇ ಕಾಲುದಾರಿಯನ್ನು ಹತ್ತಿದನು. ನಾವೂ ಜೊತೆಗೆ ಹೋದೆವು.

ಬಾಗಿಲು ತೆರೆದ ಮುದುಕಿಯು ಅವನ ಮಾತನ್ನು ಪೂರ್ತಿ ಕೇಳಲೂ ಇಲ್ಲ. ಒಳಗೆ ಹೋಗಿ, ಒಣಗಿದ ಚಕ್ಕೆಗಳಿದ್ದ ಕಾಗದದ ಪೊಟ್ಟಣವನ್ನು ತಂದು ಅವನ ಕೈಯಲ್ಲಿಟ್ಟಳು. “ಇದು ನಿನ್ನ ತಾಯಿಯದೇ ಅಪ್ಪಾ. ಒಮ್ಮೆ ನಮ್ಮದು ಹುಳಿತಾಗ ಅವಳು ಕೊಟ್ಟಳು” ಎಂದಳು. ಯಜಮಾನನು ಇಳಿಯುವಾಗ ಆ ಮಾತನ್ನು ನಮಗೆ ತಿಳಿಯಹೇಳಿದನು. ಹೇಳುವಾಗ ಅವನ ಗಂಟಲು ಕಟ್ಟಿತ್ತು.

ಸಿಹಿರಸವು ಒಡೆಯನಿಲ್ಲದ ಹೊಲದಂತೆ. ತಡಮಾಡಿದರೆ ಹುಳಿಯಾಗಿಸುವ ಜೀವಿಗಳು ಸೇರಿಕೊಳ್ಳುತ್ತವೆ. ಹಾಗೆ ಹುಳಿತರೆ ಮತ್ತೆ ಸರಿಪಡಿಸುವ ಮದ್ದಿಲ್ಲ. ಆದಕಾರಣ ಯಜಮಾನನು ರಸದ ರುಚಿ ನೋಡಿ, ಕೆಟ್ಟಿಲ್ಲವೆಂದು ತಿಳಿದು, ಮತ್ತೆ ಕಡಾಯಿಗೆ ಹೊಯ್ದು ಕುದಿಸಿದನು. ಈ ಸಲ ಆರಿಸುವಾಗ ಬಿಡದೆ ಕಲಕಿದನು. ಮೂರು ಕಡೆ ಅಳೆದನು. ತಂದ ಚಕ್ಕೆಗಳಲ್ಲಿ ಅರ್ಧವನ್ನು ಎತ್ತಿಟ್ಟು ಉಳಿದರ್ಧವನ್ನು ಬೆರೆಸಿ, ಬಾನೆಗೆ ಕಂಬಳಿ ಹೊದಿಸಿದನು. ಕೆಲವೇ ಗಂಟೆಗಳಲ್ಲಿ ಒಳಗಿನಿಂದ ಸಣ್ಣ ಮಳೆಯಂಥ ಸದ್ದು ಕೇಳಿಸಿತು. ಮಕ್ಕಳು ಕಿವಿಯಿಟ್ಟು ಕೇಳಿ ಕುಣಿದಾಡಿದರು.

ಎರಡು ದಿನಗಳ ತರುವಾಯ ಬಿಯರ್ ಸಿದ್ಧವಾಯಿತು. ಹೊಸದಾಗಿ ಬೆಳೆದ ಕ್ವೈಕನ್ನು ಒಣಗಿಸಿ ಮೂರು ಪಾಲು ಮಾಡಿದರು: ಒಂದು ಮನೆಗೆ, ಒಂದು ಊರಾಚೆಯ ತಂಗಿಗೆ, ಒಂದು ಮೇಲಿನ ಮನೆಗೆ. ಮೊದಲ ಹೂಜಿಯೂ ಆ ಕಾಲುದಾರಿಯಲ್ಲಿಯೇ ಮೇಲಕ್ಕೆ ಹೋಯಿತು.

ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಬಾರದೆಂದು ನಮ್ಮ ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದರು. ಅದನ್ನು ಔದಾರ್ಯದ ಮಾತೆಂದೇ ನಾವು ತಿಳಿದಿದ್ದೆವು. ಕೊಟ್ಟದ್ದೇ ಉಳಿತಾಯವೆಂಬುದನ್ನು ತಿಳಿಯಲು ವೊಸ್ಸಿನವರೆಗೂ ಹೋಗಬೇಕಾಯಿತು.